ಸಂವಿಧಾನಕ್ಕೊಂದು ಪಾವು ಅಲಸಂದೆ

ಸೋಮವಾರ, ಮಾರ್ಚ್ ೩

ತಂಗೀ, ಚೆನ್ನಾಗಿದ್ದೀಯಾ? ನಿನ್ನ ಮಗಳು ಮಾತಿನಮಲ್ಲಿಯ ಗಂಟಲು ಕಟ್ಟಿದ್ದು ಬಿಟ್ಟಿತಾ, ಇಲ್ಲ, ಇನ್ನೆರಡು ದಿನ ಹೀಗೇ ಇರಲಪ್ಪಾ ಅಂತ ಮನೆಯವರೆಲ್ಲ ಬೇಡಿಕೊಳ್ಳುತ್ತಿದ್ದೀರಾ? ಗುಂಡನಿಗೆ ಮುಂದಿನ ಹಲ್ಲು ಬಂತಾ? ನಿಮ್ಮ ಅತ್ತೆಯವರ ಮಂಡಿನೋವು ಹೇಗಿದೆ? ನಿನ್ನ ಯಜಮಾನರು, ನಮ್ಮ ತೂಕಡಿಕೆ ರಾಯರು, ಹೇಗಿದ್ದಾರೆ ಎಂದು ನಾನು ಕೇಳುವುದಿಲ್ಲ. ನೀನಾಗಿ ಬರೆದರೆ ಓದುತ್ತೇನೆ, ಅಷ್ಟೆ. ನಾನು ಕೈಯಾರೆ ಕಡೆದು ಮಾಡಿದ ಪಾವನ್ನು ಎತ್ತಿ ಹಿಡಿದು, ನೆಂಟರ ಎದುರಿಗೆ, "ಇದು ಪಾವಲ್ಲ ಸ್ವಾಮಿ, ಬಸುರಿ ಚಟಾಕು" ಎಂದರಲ್ಲ, ನನ್ನ ಪಾವನ್ನು ಕಾಲು ಪಾವಿಗಿಳಿಸಿದ ಆ ಮಾತನ್ನು ನಾನು ಮರೆತಿಲ್ಲ.

ಇದನ್ನೆಲ್ಲ ಬರೆಯುತ್ತಿದ್ದೇನೆಯೇ ಹೊರತು ನಿನಗೆ ತಲುಪುವುದಿಲ್ಲ ಎಂದು ಗೊತ್ತು. ನಿಮ್ಮ ಪ್ರಾಂತದವರು ನಮ್ಮ ಟಪಾಲಿಗೆ ಸುಂಕ ಹಾಕಿದರು, ನಮ್ಮವರು ನಿಮ್ಮ ಟಪಾಲಿಗೆ ಹಾಕಿದರು, ಕೊನೆಗೆ ಎರಡು ಕಡೆಯ ಚೀಲಗಳೂ ಹೊಳೆಯ ದಡದಲ್ಲೇ ಕೂತವು. ಆದರೂ ಸೋಮವಾರ ನಿನಗೆ ಬರೆಯದಿದ್ದರೆ ಆ ದಿನ ಸೋಮವಾರ ಅನ್ನಿಸುವುದೇ ಇಲ್ಲ. ಅದಕ್ಕೆ ಈ ನೋಟುಬುಕ್ಕು ತಂದೆ. ನಿನ್ನ ಹೆಸರಲ್ಲಿ ನನಗೇ ಬರೆದುಕೊಳ್ಳುತ್ತೇನೆ.

ಊರಲ್ಲಿ ಈಗ ಒಂದೇ ಮಾತು. ಏಳು ಪ್ರಾಂತಗಳನ್ನೂ ಸೇರಿಸಿ ಒಂದು ದೇಶ ಮಾಡುತ್ತಾರಂತೆ, ಅದಕ್ಕೊಂದು ಸಂವಿಧಾನ ಬರೆದಿದ್ದಾರಂತೆ. ಸೈನ್ಯ, ನಾಣ್ಯ, ಟಪಾಲು, ಅಳತೆ ಎಲ್ಲ ರಾಜಧಾನಿಯ ಕೇಂದ್ರ ಸರ್ಕಾರದ ಕೈಗೆ. ಒಪ್ಪುತ್ತೀರಾ, ಬಿಡುತ್ತೀರಾ ಎಂದು ಪ್ರತಿ ಊರನ್ನೂ ಕೇಳುತ್ತಿದ್ದಾರೆ. ಇದೇ ತಿಂಗಳು ನಮ್ಮೂರಿನ ಸರದಿ.

ಅಳತೆಯೂ! ನಮ್ಮ ಅಜ್ಜ, ಅಪ್ಪ, ನಾನು, ಮೂರು ತಲೆಯಿಂದ ಈ ಊರಿಗೆ ಪಾವು ಸೇರು ಮಾಡಿಕೊಟ್ಟವರು. ಮರದ ಮೈ, ಹಿತ್ತಾಳೆಯ ಅಂಚು, ತಳದಲ್ಲಿ ನಮ್ಮ ಮನೆಯ ಮುದ್ರೆ. ನಾಳೆ ರಾಜಧಾನಿಯಿಂದ ಒಂದು ಪಾವು ಬಂದು "ಇನ್ನು ಮೇಲೆ ನಾನೇ ಪಾವು" ಎಂದರೆ ನನ್ನ ಅಂಗಡಿಗೆ ಬಾಗಿಲು ಹಾಕುವುದೇ ಗತಿ. ನಾನು ಬೇಡ ಅನ್ನುವವರ ಕಡೆ.

ಗುರುವಾರ, ಮಾರ್ಚ್ ೬

ಮೇಷ್ಟ್ರು ಸಂವಿಧಾನದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಂಗಡಿಗೇ ಬಂದರು. ಬೇಕು ಅನ್ನುವವರ ಮುಂದಾಳು ಅವರೇ. ಮರದ ಪುಡಿಯ ಮೇಲೆ ಕೂರಬೇಡಿ ಎನ್ನುವಷ್ಟರಲ್ಲಿ ಕೂತರು. ತಲೆ ನರೆತದ್ದೇ ತಡ, ಅವರಿಗೂ ನಾನು ಅಜ್ಜ ಆಗಿಬಿಟ್ಟಿದ್ದೇನೆ.

"ಅಜ್ಜಾ, ನೀವು ಓದಿದೋರು. ಓದದೆ ಬೇಡ ಅನ್ನೋರ ಜೊತೆ ಸೇರ್ಕೊಂಡಿದ್ದೀರಲ್ಲ."

"ನಾನು ಓದಿದ್ದು ಪೊಟ್ಟಣದ ಕಾಗದದಿಂದ ಮೇಷ್ಟ್ರೇ. ಮೆಣಸು ಕಟ್ಟಿದ ಕಾಗದ, ಬೆಲ್ಲ ಕಟ್ಟಿದ ಕಾಗದ. ಹೊಗಳಿದ ಮಾತ್ರಕ್ಕೆ ಒಪ್ಪಲ್ಲ."

ನಕ್ಕರು. ಆಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು ಶುರುಮಾಡಿದರು. ಏಳು ಪ್ರಾಂತಕ್ಕೆ ಏಳು ನಾಣ್ಯ, ಒಬ್ಬರ ಮೇಲೆ ಶತ್ರು ಬಂದರೆ ಉಳಿದವರು ಕಿಟಕಿಯಲ್ಲಿ ನಿಂತು ನೋಡುತ್ತಾರೆ, ಹೀಗೇ ಬಿಟ್ಟರೆ ಹೊಳೆ ದಾಟಲಿಕ್ಕೂ ಯುದ್ಧ ಮಾಡಬೇಕಾಗುತ್ತದೆ, ಇತ್ಯಾದಿ. ನಾನು ಹೂಂಗುಟ್ಟುತ್ತ ಹಿತ್ತಾಳೆ ಬಡಿದೆ. ಅವರು ದನಿ ಎತ್ತಿದಾಗ ನಾನೂ ಸ್ವಲ್ಪ ಜೋರಾಗಿಯೇ ಬಡಿದೆ.

ಪುಸ್ತಕ ಬಿಟ್ಟು ಹೋಗಿದ್ದಾರೆ. ಓದುವುದಿಲ್ಲ.

ಮೊದಲ ಹತ್ತು ಪುಟ ಓದಿದೆ. ಅಕ್ಷರ ಬಹಳ ಸಣ್ಣದು.

ಭಾನುವಾರ, ಮಾರ್ಚ್ ೯

ಇವತ್ತು ಧಾನ್ಯದ ಮಂಡಿಯಲ್ಲಿ ಮೊದಲ ಸಭೆ. ಅಧ್ಯಕ್ಷತೆ ಸೂಲಗಿತ್ತಿಯಮ್ಮನದು. ನನ್ನನ್ನೂ ನಿನ್ನನ್ನೂ ಸೇರಿಸಿ ಅರ್ಧ ಊರನ್ನು ಈ ಭೂಮಿಗೆ ಎಳೆದು ಹಾಕಿದವಳು ಆಕೆ. ಆಕೆ ಕಣ್ಣುಬಿಟ್ಟು ನೋಡಿದರೆ ಗಡ್ಡ ನರೆತ ಗಂಡಸರೂ ಅಳುವುದು ನಿಲ್ಲಿಸುತ್ತಾರೆ.

ಬೇಡದ ಕಡೆಯ ನಾಯಕ ಹಿಟ್ಟಿನ ಗಿರಣಿಯ ಯಜಮಾನ. ಗಿರಣಿಯ ಸದ್ದಿನಲ್ಲೇ ಬೆಳೆದು ಮೆತ್ತಗೆ ಮಾತಾಡುವುದನ್ನು ಕಲಿಯಲೇ ಇಲ್ಲ. ಊರಿಗೆಲ್ಲ ಅವನು ಗುಡುಗಪ್ಪ.

"ರಾಜಧಾನಿಯಲ್ಲಿ ಕೂತೋನಿಗೆ ನಮ್ಮೂರ ಹೊಟ್ಟೆ ಎಷ್ಟು ದೊಡ್ಡದು ಅಂತ ಹೇಗ್ರೀ ಗೊತ್ತು?" ಎಂದು ಗುಡುಗಿದ.

"ನಿನ್ನ ಹೊಟ್ಟೆ ಅಲ್ಲಿಂದಾನೂ ಕಾಣುತ್ತೆ ಕಣೋ," ಎಂದಳು ಸೂಲಗಿತ್ತಿಯಮ್ಮ. ಸಭೆಯ ನಗು ಅರ್ಧ ಗಂಟೆ ತಣ್ಣಗಾಗಲಿಲ್ಲ.

ಸುಮ್ಮನೆ ಪರೀಕ್ಷೆಗೆಂದು ಕೈ ಎತ್ತಿಸಿ ಎಣಿಸಿದರು. ಅಯ್ಯೋ ರಾಮ! ಮೇಷ್ಟ್ರು ಎಣಿಸಿದ್ದೊಂದು, ಗುಡುಗಪ್ಪ ಎಣಿಸಿದ್ದೊಂದು. ಹುರುಪಿನಲ್ಲಿ ಎರಡೂ ಕೈ ಎತ್ತಿದವರು ಕೆಲವರು. ಬೇಕಿಗೂ ಎತ್ತಿ ಬೇಡಕ್ಕೂ ಎತ್ತಿದವರು ಕೆಲವರು, ಯಾರನ್ನೂ ಬೇಜಾರು ಮಾಡಬಾರದಂತೆ. ಎಣಿಕೆ ಹೋಗಿ ಎಳೆದಾಟಕ್ಕೆ ಬಂತು.

ಆಗ ನಾನು ಎದ್ದು ನಿಂತೆ ತಂಗಿ. ಎಣಿಸಿದರೆ ಜಗಳ, ಅಳೆದರೆ ನಿಜ ಎಂದೆ. ಹುಟ್ಟಿದಾಗಿನಿಂದ ಈ ಊರು ಅಕ್ಕಿ, ಬೇಳೆ, ಉಪ್ಪು, ಎಣ್ಣೆ ಎಲ್ಲವನ್ನೂ ಅಳೆದೇ ಬದುಕಿದೆ, ಯಾವತ್ತಾದರೂ ಎಣಿಸಿದ್ದೀವಾ? ಒಬ್ಬೊಬ್ಬರಿಗೂ ಎರಡು ಅಲಸಂದೆ ಕಾಳು ಕೊಡಿ, ಒಂದು ಬಿಳಿ, ಒಂದು ಕೆಂಪು. ಬೇಕು ಅನ್ನುವವರು ಕೆಂಪು, ಬೇಡ ಅನ್ನುವವರು ಬಿಳಿ, ಬಟ್ಟೆ ಮುಚ್ಚಿದ ಮಡಕೆಗೆ ಹಾಕಲಿ. ಉಳಿದ ಕಾಳು ಅವರವರ ಜೇಬಿಗೆ. ಕೊನೆಗೆ ಬಣ್ಣ ಬೇರ್ಪಡಿಸಿ ನನ್ನ ಪಾವಿನಲ್ಲಿ ಅಳೆದರಾಯಿತು.

ಎರಡು ಕಡೆಯವರೂ ಚಪ್ಪಾಳೆ ತಟ್ಟಿದರು. ಈ ತಿಂಗಳು ಇಡೀ ಊರು ಒಪ್ಪಿದ್ದು ಇದೊಂದನ್ನೇ. ಬಿಳಿ ಕಾಳು ಗುಡುಗಪ್ಪ ಕೊಡುತ್ತಾನೆ, ಕೆಂಪು ನಮ್ಮ ಮನೆಯಿಂದ.

ಸೋಮವಾರ, ಮಾರ್ಚ್ ೧೦

ಬೀದಿಯಲ್ಲಿ ಹೋದರೆ ಎಲ್ಲರೂ ನಮಸ್ಕಾರ ಹೇಳುತ್ತಾರೆ. ನಿನ್ನ ಯಜಮಾನರು ಇದನ್ನು ನೋಡಬೇಕಿತ್ತು.

ಶುಕ್ರವಾರ, ಮಾರ್ಚ್ ೧೪

ನಿನ್ನ ಅತ್ತಿಗೆ ಮೂರು ದಿನದಿಂದ ಹೂಂ, ಊಹೂಂ ಎರಡರಲ್ಲೇ ಸಂಸಾರ ನಡೆಸುತ್ತಿದ್ದಾಳೆ. ಇವತ್ತು ಊಟಕ್ಕೆ ಬಡಿಸುತ್ತ ಬಾಯಿಬಿಟ್ಟಳು.

"ದೋಣಿಕಟ್ಟೆಗೆ ಹೋಗಿದ್ದೆ. ಅಲ್ಲಿನ ಟಪಾಲು ಕೋಣೆ ಕಿಟಕಿಯಿಂದ ನೋಡಿದೆ. ಟಪಾಲು ಚೀಲ ಗೋಡೆಗೆ ಒರಗಿಸಿಟ್ಟಿದ್ದಾರೆ, ಬಾಯಿ ತೆರೆದುಕೊಂಡಿದೆ. ಮೇಲೇ ಇದೆ ನಿಮ್ಮ ತಂಗಿ ಕಾಗದ. ಆ ಬಾಲದ ಅಕ್ಷರ ನಂಗೆ ಗೊತ್ತಾಗಲ್ವಾ?"

"ಈಸ್ಕೊಂಡು ಬರ್ಬೇಕಿತ್ತು."

"ಕೊಡಲ್ವಂತೆ. ಕಾಯಿದೆ ಅಂತೆ. ಕೈ ಹಾಕಿದ್ರೆ ಸಿಗೋವಷ್ಟು ದೂರ ರೀ!"

"ಟಪಾಲು ಬೇರೆ, ಪಾವು ಬೇರೆ."

"ನಿಮಗೆ ಬೇರೆ," ಎಂದು ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ನಾನು ಸಾಕು ಎಂದಿದ್ದೆ.

ಏನು ಬರೆದಿದ್ದೀಯ ತಂಗಿ? ಎಲ್ಲರೂ ಚೆನ್ನಾಗಿದ್ದೀರಿ ತಾನೆ? ಊಟವಾದ ಮೇಲೆ ನಾನೂ ದೋಣಿಕಟ್ಟೆಯ ಕಡೆ ಒಂದು ಸುತ್ತು ಹೋಗಿ ಬಂದೆ. ತಿಂದದ್ದು ಅರಗಲಿ ಎಂದು.

ಬುಧವಾರ, ಮಾರ್ಚ್ ೧೯

ಇವತ್ತಿನ ಸಭೆಯಲ್ಲಿ ಮಂಡಿಯ ಪಾರಿವಾಳಗಳೆಲ್ಲ ಊರು ಬಿಟ್ಟು ಹೋದವು, ಗುಡುಗಪ್ಪ ಅಷ್ಟು ಚೆನ್ನಾಗಿ ಮಾತಾಡಿದ. ತೆರಿಗೆ ಹಾಕುವ ಕೈ ದೂರ ಇದ್ದಷ್ಟೂ ಉದ್ದ ಆಗುತ್ತೆ ಎಂದ. ಇವತ್ತು ಪಾವು ಕೇಳುತ್ತಾರೆ, ನಾಳೆ ಪಾವಿನೊಳಗಿನದನ್ನು ಕೇಳುತ್ತಾರೆ ಎಂದ. ನಾನು ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ.

ಮೇಷ್ಟ್ರು ಎದ್ದು, ದೂರದವರಲ್ಲ, ನಾವೇ ಆರಿಸಿ ಕಳಿಸಿದವರು ಅಲ್ಲಿ ಕೂರುತ್ತಾರೆ ಎಂದರು. ಒಂದೊಂದು ಬೆರಳಿಂದ ಏಳು ಜನ ಒತ್ತಿದರೂ ಬಾಗಿಲು ತೆರೆಯುವುದಿಲ್ಲ, ಮುಷ್ಟಿ ಬೇಕು ಎಂದರು. "ಮುಷ್ಟಿ ಬಾಗಿಲಿಗೇ ಬೀಳುತ್ತೆ ಅಂತ ಏನು ಗ್ಯಾರಂಟಿ? ಮೂಗಿಗೂ ಬೀಳಬಹುದು!" ಎಂದ ಗುಡುಗಪ್ಪ. ಅದಕ್ಕೂ ಚಪ್ಪಾಳೆ.

ನಾನು ಸುಮ್ಮನಿರಬೇಕಿತ್ತು. ಪುಸ್ತಕ ಪೂರ್ತಿ ಓದಿದ್ದು ತಪ್ಪಾಯಿತು, ಓದಿದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

"ಮೇಷ್ಟ್ರೇ, ಕೇಂದ್ರ ಏನೇನು ಮಾಡಬಹುದು ಅಂತ ಪುಟಗಟ್ಟಲೆ ಇದೆ. ಏನು ಮಾಡಬಾರದು ಅನ್ನೋದು ಎಲ್ಲಿದೆ? ನಾನು ಪಾವು ಮಾಡೋನು. ಮರ ಎಷ್ಟು ಚೆನ್ನಾಗಿದ್ರೂ ಅಂಚಿಲ್ದಿದ್ರೆ ಅದು ಪಾವಲ್ಲ, ಬರೀ ಗುಂಡಿ. ಸುರಿದಷ್ಟೂ ಹಿಡಿಯುತ್ತೆ. ನಮ್ಮ ಮನೆಯೊಳಗೆ ನುಗ್ಗಬಾರದು, ನಮ್ಮ ಕಾಗದ ಒಡೆದು ಓದಬಾರದು, ಎದುರು ಮಾತಾಡಿದೋನ ಬಾಯಿ ಹೊಲಿಯಬಾರದು ಅಂತ ಒಂದು ಅಂಚು ಕಟ್ಟಿದ್ದಾರಾ?"

ಮೇಷ್ಟ್ರು ಪುಟ ತಿರುವಲಿಲ್ಲ. ಹಾಗೇ ನಿಂತು, "ಇಲ್ಲ ಅಜ್ಜ. ನನಗೂ ಅದೇ ಕೊರತೆ ಅನ್ನಿಸ್ತಿತ್ತು. ಸೇರಿಸಬೇಕು," ಎಂದರು. ಒಪ್ಪಿಕೊಂಡುಬಿಟ್ಟರೆ ಜಗಳ ಮುಂದುವರಿಸುವುದು ಹೇಗೆ?

"ಹಾಗಾದ್ರೆ ಸರಿಯಾದ್ದು ಬರೋವರೆಗೂ ಬೇಡ!" ಎಂದ ಗುಡುಗಪ್ಪ.

ಸೂಲಗಿತ್ತಿಯಮ್ಮ ಕೋಲು ಕುಟ್ಟಿದಳು. "ಲೋ, ನೀನು ಹುಟ್ಟಿದಾಗ ಕಿವಿ ಮಡಿಚಿಕೊಂಡಿತ್ತು. ಸರಿಯಾದ ಮೇಲೆ ಬಾ ಅಂತ ವಾಪಸ್ ಕಳಿಸಿದ್ನಾ? ಎಣ್ಣೆ ಹಚ್ಚಿ ತೀಡಿ ತೀಡಿ ನೆಟ್ಟಗೆ ಮಾಡ್ಲಿಲ್ವಾ?"

ಗುಡುಗಪ್ಪ ಕಿವಿ ಮುಟ್ಟಿ ನೋಡಿಕೊಂಡ. ಪಾಪ.

ನಾನು ಬೇಡದ ಕಡೆಯೇ. ಪ್ರಶ್ನೆ ಕೇಳಿದ ಮಾತ್ರಕ್ಕೆ ಏನೂ ಆಗುವುದಿಲ್ಲ.

ಭಾನುವಾರ, ಮಾರ್ಚ್ ೨೩

ಗೆದ್ದೆವು!

ಬೆಳಿಗ್ಗೆಯಿಂದ ಸಾಲು. ಬಿಳಿ ಕಾಳು ಮಡಕೆಗೆ, ಕೆಂಪು ಜೇಬಿಗೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿ ಸರಿಯಾಗಿಯೇ ಹಾಕಿದೆ. ನಿನ್ನ ಅತ್ತಿಗೆ ನನ್ನ ಹಿಂದೆಯೇ ಇದ್ದಳು. ಬಟ್ಟೆಯ ಕೆಳಗೆ ಕೈ ಹಾಕಿ ತೆಗೆದು, ಸೆರಗಿನ ತುದಿಯಲ್ಲಿ ಏನೋ ಗಂಟು ಹಾಕಿಕೊಂಡಳು. ಯಾವುದು ಹಾಕಿದೆ ಎಂದು ಕೇಳಿದ್ದಕ್ಕೆ, "ಮಡಕೆಗೆ ಬಟ್ಟೆ ಕಟ್ಟಿಸಿದ್ದು ನೀವೇ ತಾನೆ?" ಎಂದಳು.

ಮಧ್ಯಾಹ್ನ ನಾಲ್ಕು ಜನ ಕೂತು ಕಲ್ಲು ಆರಿಸುವ ಹಾಗೆ ಬಣ್ಣ ಬೇರೆ ಮಾಡಿದರು. ಆಮೇಲೆ ನನ್ನ ಸರದಿ. ಒಗೆದ ಅಂಗಿ ಹಾಕಿಕೊಂಡು ಹೋಗಿದ್ದೆ. ಎರಡಕ್ಕೂ ಒಂದೇ ಪಾವು, ಒಂದೇ ಕೈ, ಒಂದೇ ಎತ್ತರದಿಂದ ಸುರಿದೆ. ಕೆಂಪು ಅಂಚಿಗಿಂತ ಸ್ವಲ್ಪ ಕೆಳಗೇ ನಿಂತಿತು. ಬಿಳಿ ಅಂಚು ಮುಟ್ಟಿ, ಮೇಲೆ ಸಣ್ಣ ಗೋಪುರವನ್ನೂ ಕಟ್ಟಿತು. ಇಡೀ ಮಂಡಿ ಕತ್ತು ಚಾಚಿ ಅಂಚನ್ನೇ ನೋಡುತ್ತಿತ್ತು. ಮೇಷ್ಟ್ರು ತಾವೇ ಮೊದಲು ಬಂದು ಗುಡುಗಪ್ಪನ ಕೈ ಕುಲುಕಿದರು. ಒಳ್ಳೆಯ ಮನುಷ್ಯ.

ಗುಡುಗಪ್ಪ ನನ್ನನ್ನು ಹಿಟ್ಟಿನ ಮೂಟೆಯ ಹಾಗೆ ಹೆಗಲಿಗೇರಿಸಿ ಮಂಡಿ ಸುತ್ತಿಸಿದ. ಇನ್ನೂ ತಲೆ ತಿರುಗುತ್ತಿದೆ. ಕಾಳುಗಳನ್ನು ಎರಡು ಡಬ್ಬಿಗೆ ಹಾಕಿ ಸೂಲಗಿತ್ತಿಯಮ್ಮ ತನ್ನ ಮನೆಗೆ ಒಯ್ದಳು. ನಾಡಿದ್ದು ಪ್ರಾಂತದ ಸಭೆಗೆ ನಮ್ಮೂರಿನ ಮಾತು ಹೋಗುತ್ತದೆ.

ನಮ್ಮ ಪಾವು ಉಳಿಯಿತು, ಅಂಗಡಿ ಉಳಿಯಿತು. ಮನೆಗೆ ಬರುವಾಗ ದೋಣಿಕಟ್ಟೆಯ ದಾರಿ ಬಿಟ್ಟು ಸುತ್ತು ದಾರಿಯಲ್ಲಿ ಬಂದೆ. ಯಾಕೋ.

ಸೋಮವಾರ, ಮಾರ್ಚ್ ೨೪

ತಂಗೀ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಬೈಯಬೇಡ.

ಬೆಳಿಗ್ಗೆ ನಿನ್ನೆಯ ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ಕೆಂಪು ಕಾಳು ಬಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ನಿನ್ನ ಅತ್ತಿಗೆ ನೋಡಿದಳು. ಸೆರಗಿನ ಗಂಟು ಬಿಚ್ಚಿ ತನ್ನ ಕಾಳನ್ನು ಅದರ ಪಕ್ಕದಲ್ಲಿಟ್ಟಳು. ಬಿಳಿ.

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಉಳಿದದ್ದು ಬಿಳಿ ಎಂದರೆ ಹಾಕಿದ್ದು ಕೆಂಪು.

"ಅಂದ್ರೆ... ನೀನು?"

"ನನ್ನ ಮುಖ ಆಮೇಲೆ ನೋಡಿ. ಮೊದಲು ಕಾಳು ನೋಡಿ."

ನೋಡಿದೆ. ಬಿಳಿಯದು ಗುಂಡಗೆ, ಊಟವಾದ ಗುಡುಗಪ್ಪನ ಹಾಗೆ. ಕೆಂಪು ಸೊರಗಿ ಸುಕ್ಕು ಬಿದ್ದಿತ್ತು.

"ಗಿರಣಿಯವರದ್ದು ಈ ಸಲದ ಹೊಸ ಕಾಳು. ನಮ್ಮದು ಹೋದ ವರ್ಷದ್ದು, ಅಟ್ಟದ ಮೇಲಿನ ಡಬ್ಬದಲ್ಲಿ ಒಣಗಿ ಒಣಗಿ ಹೀಗಾಗಿದೆ," ಎಂದಳು. "ನಾನೇ ತೆಗೆದುಕೊಟ್ಟೆ, ನಂಗೂ ಹೊಳೀಲಿಲ್ಲ. ನೀವು ಅಳೆದ್ರಿ, ಊರೆಲ್ಲ ನೋಡ್ತು. ಎಲ್ರೂ ಅಂಚು ನೋಡಿದ್ರು, ಕಾಳು ಯಾರೂ ನೋಡ್ಲಿಲ್ಲ."

ಧಾನ್ಯದ ವ್ಯಾಪಾರದಲ್ಲೇ ಬದುಕುವ ಊರು ತಂಗಿ! ಎಣಿಸಬೇಕಾದ್ದನ್ನು ಅಳೆಯುವ ಬುದ್ಧಿ ನಮ್ಮೂರಿಗಲ್ಲದೆ ಇನ್ಯಾರಿಗೆ ಬಂದೀತು. ಆ ಬುದ್ಧಿ ಹೇಳಿಕೊಟ್ಟವನೂ ನಾನೇ.

ಅಂಗಡಿಗೆ ಹೋಗಿ ಕೂತೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಿನ್ನ ಅತ್ತಿಗೆ ಬಾಯಿಬಿಡುವವಳಲ್ಲ, ನಾನೇ ನಿರ್ಧರಿಸಲಿ ಎಂದು ಬಿಟ್ಟಿದ್ದಾಳೆ. ನಾಳೆ ಮಾತು ಹೋಗಿಬಿಟ್ಟರೆ ನನ್ನ ಅಂಗಡಿ ನನ್ನದೇ. ಎಣಿಸಿದರೂ ಬಿಳಿಯೇ ಗೆಲ್ಲಬಹುದು ಎಂದು ಸಮಾಧಾನ ಹೇಳಿಕೊಂಡೆ. ಹಾಗಿದ್ದರೆ ಎಣಿಸಲು ಭಯವೇಕೆ ಎಂದು ಇನ್ನೊಂದು ಮನಸ್ಸು. ಪಾವನ್ನು ಬೋರಲು ಹಾಕಿದರೆ ತಳದಲ್ಲಿ ನಮ್ಮ ಮುದ್ರೆ. ಅಜ್ಜನ ಕೈಯದು. ನಮ್ಮ ಪಾವು ಸುಳ್ಳು ಹೇಳುತ್ತದೆ ಎಂದು ನಿನ್ನ ಯಜಮಾನರು ಅಂದಾಗ ನೆಂಟಸ್ತಿಕೆಯನ್ನೇ ಬಿಡಲು ಹೊರಟಿದ್ದೆನಲ್ಲ. ಈಗ ನಿಜವಾಗಿಯೂ ಹೇಳಿದೆ, ನಾನು ಬಾಯಿಮುಚ್ಚಿ ಕೂತಿದ್ದೇನೆ.

ಚಪ್ಪಲಿ ಹಾಕಿಕೊಂಡು ಸೂಲಗಿತ್ತಿಯಮ್ಮನ ಮನೆಗೆ ಹೋದೆ. ಎಲ್ಲ ಹೇಳಿದೆ. ಆಕೆ ಎರಡೂ ಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದಳು.

"ಹುಟ್ಟುವಾಗಲೂ ನೀನು ಹೀಗೇ ಕಣೋ. ಅಡ್ಡ ತಿರುಗಿಕೊಂಡು, ಎಲ್ಲರ ಜೀವ ತಿಂದು, ಕೊನೇ ಗಳಿಗೇಲಿ ನೆಟ್ಟಗೆ ಬಂದೆ," ಎಂದಳು. "ನಾಳೆ ಬೆಳಿಗ್ಗೆ ಎಲ್ಲರನ್ನೂ ಕರೆಸ್ತೀನಿ."

ಮಂಗಳವಾರ, ಮಾರ್ಚ್ ೨೫

ಎಣಿಸಿದೆವು.

ಮೊದಲು ನಾನು ಮಂಡಿಯ ಕಟ್ಟೆ ಹತ್ತಿ ಎರಡು ಕಾಳು ತೋರಿಸಿದೆ. ತಪ್ಪು ಬೇರೆ ಯಾರದೂ ಅಲ್ಲ, ಅಳೆಯುವ ಯೋಚನೆ ನನ್ನದು ಎಂದೆ. ಗುಡುಗಪ್ಪ ಮೊದಲ ಸಲ ಮೆತ್ತಗೆ ಮಾತಾಡಿದ. ಅದು ಗುಡುಗಿಗಿಂತ ಕಷ್ಟವಾಯಿತು.

"ಅಜ್ಜಾ, ನೀನು ಯಾರ ಕಡೆ?"

"ನಿನ್ನ ಕಡೆನೇ ಕಣಪ್ಪ. ನನ್ನ ಕಾಳೂ ಬಿಳೀದೇ. ಆದ್ರೆ ತಪ್ಪು ಅಳತೆ ಕೊಟ್ಟು ಗೆಲ್ಲಕ್ಕೆ ನನ್ನ ಕೈಲಾಗಲ್ಲ."

ಸೂಲಗಿತ್ತಿಯಮ್ಮ ಮೇಜಿನ ಮೇಲೆ ಹತ್ತು ಹತ್ತು ಕಾಳಿನ ಗುಂಪು ಮಾಡಿಸಿದಳು. ಒಂದು ಗುಂಪನ್ನು ಮೇಷ್ಟ್ರು ನೋಡಬೇಕು, ಅದನ್ನೇ ಗುಡುಗಪ್ಪ ನೋಡಬೇಕು, ಇಬ್ಬರೂ ಹೂಂ ಅಂದರೆ ಮುಂದಕ್ಕೆ. ನಡುವೆ ಒಂದು ಕೋಳಿ ಬಂದು ಮೇಜು ಹತ್ತಲು ನೋಡಿತು. ಅದನ್ನು ಓಡಿಸುವುದರಲ್ಲಿ ಎರಡು ಪಕ್ಷದವರೂ ಒಂದಾದರು.

ಕೆಂಪು ಹದಿಮೂರು ಹೆಚ್ಚು.

ಮೇಷ್ಟ್ರು ನನ್ನ ಹತ್ತಿರ ಬಂದು, "ಅಂಚಿನ ಮಾತು ಬರೆದೇ ಕಳಿಸೋಣ. ನೀವು ಹೇಳಿ," ಎಂದು ಕಾಗದ ಬಿಡಿಸಿದರು. ನಾನು ಹೇಳಿದೆ, ಅವರು ಬರೆದರು. ನಮ್ಮೂರು ಒಪ್ಪುತ್ತದೆ. ಆದರೆ ಕೇಂದ್ರ ಏನು ಮಾಡಬಾರದು ಎಂಬುದನ್ನು ಮೊದಲ ವರ್ಷದಲ್ಲೇ ಸೇರಿಸಬೇಕು. ಮನೆ, ಕಾಗದ, ಬಾಯಿ, ಈ ಮೂರಕ್ಕೆ ಕೈ ಹಾಕಬಾರದು.

ಗುಡುಗಪ್ಪ ಬಾಗಿಲ ತನಕ ಹೋಗಿದ್ದವನು ಅಲ್ಲಿಂದಲೇ ಗುಡುಗಿದ. "ಪಾವು ರಾಜಧಾನಿದೇ ಇರ್ಲಿ, ಮಾಡೋನು ಊರೋನೇ ಆಗಿರ್ಬೇಕು ಅಂತಾನೂ ಬರೀರಿ! ಎಲ್ಲಿಂದಲೋ ಬಂದ ಪಾವಲ್ಲಿ ನಾನು ಹಿಟ್ಟು ಅಳೆಯಲ್ಲ!"

ಬರೆದರು. ನನ್ನ ಕಣ್ಣಿಗೆ ಹಿಟ್ಟಿನ ದೂಳು ಬಿತ್ತು. ಗಿರಣಿಯವನು ಬಂದ ಕಡೆಯೆಲ್ಲ ಅದೊಂದು ಕಾಟ.

ಗುರುವಾರ, ಮಾರ್ಚ್ ೨೭

ಗುಡುಗಪ್ಪ ಎರಡು ದಿನ ಮಾತು ಬಿಟ್ಟಿದ್ದ. ಇವತ್ತು ಒಂದು ಹಳೆಯ ಸೇರು ತಂದು ಅಂಚು ಸಡಿಲವಾಗಿದೆ ಎಂದ. ಸಡಿಲವಾಗಿರಲಿಲ್ಲ. ಸುಮ್ಮನೆ ನಾಲ್ಕು ಏಟು ಬಡಿದು ಕೊಟ್ಟೆ. ಇಬ್ಬರೂ ಅರ್ಧ ದಿನ ಕೂತು ಹರಟಿದೆವು.

ಶುಕ್ರವಾರ, ಏಪ್ರಿಲ್ ೧೮

ನಮ್ಮ ಪ್ರಾಂತವೂ ಒಪ್ಪಿತು. ನಿಮ್ಮದು ಆಗಲೇ ಒಪ್ಪಿತ್ತಂತೆ. ಇನ್ನು ಎರಡು ದಡಕ್ಕೂ ಒಂದೇ ಟಪಾಲು. ಇವತ್ತು ಚೀಲ ಬಿಚ್ಚಿದರು. ನಿನ್ನ ಕಾಗದಗಳು ಒಟ್ಟಿಗೆ ಬಂದವು. ನಿನ್ನ ಅತ್ತಿಗೆ ಗಟ್ಟಿಯಾಗಿ ಓದಿಸಿದಳು, ನಕ್ಕಳು, ಮತ್ತೆ ಓದಿಸಿದಳು. ಮಾತಿನಮಲ್ಲಿಯ ಗಂಟಲು ಹೋದ ತಿಂಗಳೇ ಬಿಟ್ಟಿತಂತಲ್ಲ, ನಿಮ್ಮ ಕಷ್ಟ ಅರ್ಥವಾಯಿತು.

ರಾಜಧಾನಿಯಿಂದ ಮಾದರಿ ಪಾವು ಬಂದಿದೆ. ಅಳೆದು ನೋಡಿದೆ. ನಮ್ಮದಕ್ಕಿಂತ ಒಂದು ಹಿಡಿ ಕಡಿಮೆ ಹಿಡಿಯುತ್ತದೆ, ಜಿಪುಣರು. ಕೆಲಸ ಮಾತ್ರ ಅಚ್ಚುಕಟ್ಟು, ಹೇಳಲೇಬೇಕು. ಅಂಚು ನನ್ನಷ್ಟು ದಪ್ಪ ಹಾಕಿಲ್ಲ. ನಾನು ಮಾಡುವುದಕ್ಕೆ ದಪ್ಪಗೇ ಹಾಕುತ್ತೇನೆ, ಬೇಡ ಎನ್ನಲಿ ನೋಡೋಣ. ಸುತ್ತಲ ಊರುಗಳಿಂದಲೂ ಕೇಳಿ ಬಂದಿದ್ದಾರೆ, ಮರ ಸಾಲದು. ಬಾಗಿಲ ಮೇಲೆ ಅಜ್ಜನ ಹಳೆಯ ಪಾವನ್ನು ತೂಗುಹಾಕಿದ್ದೇನೆ. ಗುಬ್ಬಚ್ಚಿ ಗೂಡು ಕಟ್ಟುವ ಸೂಚನೆ ಇದೆ. ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ, ನಾನು ಬೇಡದ ಕಡೆಯವನೇ. ಆದರೆ ನಿನ್ನೆ ಯಾರೋ ಪರವೂರಿನವನು ಅಂಗಡಿಗೆ ಬಂದು ನಮ್ಮ ಸಂವಿಧಾನವನ್ನು ಆಡಿಕೊಂಡ. ಬಡಿಯುವ ಸುತ್ತಿಗೆ ಕೆಳಗಿಟ್ಟು ಅವನಿಗೆ ಚೆನ್ನಾಗಿ ಬುದ್ಧಿ ಹೇಳಿ ಕಳಿಸಿದೆ.

ಈ ನೋಟುಬುಕ್ಕಿನ ಹಾಳೆಗಳನ್ನೇ ಬಿಡಿಸಿ ಕಳಿಸುತ್ತಿದ್ದೇನೆ. ಮತ್ತೆ ಬರೆಯಲು ಬೇಜಾರು. ನಿನ್ನ ಯಜಮಾನರು ಹೇಗಿದ್ದಾರೆ? ಕೆಮ್ಮು ಎಂದು ಬರೆದಿದ್ದೀಯಲ್ಲ, ಬಿಸಿನೀರು ಕುಡಿಯಲಿ. ಇನ್ನು ಅವರ ಪಾವೂ ನನ್ನ ಪಾವೂ ಒಂದೇ ಎಂದು ಹೇಳು. ಒಂದು ಮಾಡಿ ಇಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಲಿ. ಬಸುರಿಯಲ್ಲ, ನೋಡಿಯೇ ತೆಗೆದುಕೊಳ್ಳಲಿ.

ಈ ಕಾಗದದ ಮಡಿಕೆಯಲ್ಲಿ ಎರಡು ಅಲಸಂದೆ ಕಾಳಿವೆ. ಕೆಂಪು ನನ್ನ ಜೇಬಿನದು, ಬಿಳಿ ನಿನ್ನ ಅತ್ತಿಗೆಯ ಸೆರಗಿನದು. ಸಾರಿಗೆ ಹಾಕಿಬಿಡಬೇಡ. ನಿಮ್ಮ ಬಾವಿಕಟ್ಟೆಯ ಪಕ್ಕದಲ್ಲಿ ಒಂದೇ ಗುಳಿಯಲ್ಲಿ ಎರಡನ್ನೂ ಊರು. ಯಾವುದು ಮೊದಲು ತಲೆ ಎತ್ತುತ್ತದೆ ಎಂದು ನನಗೂ ನಿನ್ನ ಅತ್ತಿಗೆಗೂ ಪಂದ್ಯ ಬಿದ್ದಿದೆ. ಮೊಳಕೆ ಕಂಡ ದಿನವೇ ಬರೆ ತಂಗಿ, ತಡಮಾಡಬೇಡ. ಚೀಲ ಈಗ ದಡದಲ್ಲಿ ಕೂರುವುದಿಲ್ಲ.